ಮೇಲಿನ ಕೋಣೆಯ ಹಾಜರಿ

ಶಿಷ್ಯೆ ಕೇಳಿದಳು: “ಗುರುಗಳೇ, ಊರಿನ ಉಳಿತಾಯ ಸಂಘವನ್ನು ಕಟ್ಟಿದವರು ನಮ್ಮ ಮುತ್ತಜ್ಜ. ನಾಲ್ಕು ತಲೆಮಾರಿನಿಂದ ನಮ್ಮ ಮನೆಯವರ ಮೇಲೆ ಒಂದು ದೂರೂ ಬಂದಿಲ್ಲ. ಈಗ ನಾನು ಅಧ್ಯಕ್ಷೆ. ಸಂಘದ ಮೇಲೊಂದು ಕಂಪನಿ ಮಾಡಿ, ಸಂಘವನ್ನು ಅದರ ಕೈಗೆ ಕೊಡುತ್ತಿದ್ದೇವೆ. ಯಾರ ಹಣಕ್ಕೂ ತೊಂದರೆಯಿಲ್ಲ. ಆದರೂ ಸೊಪ್ಪು ಮಾರುವವಳೊಬ್ಬಳು ತುಂಬಿದ ಸಭೆಯಲ್ಲಿ, ‘ಅಮ್ಮಾವ್ರೇ, ಇನ್ನು ನಾವು ಇದ್ದರೂ ಒಂದೇ, ಸತ್ತರೂ ಒಂದೇ’ ಎಂದು ನಕ್ಕಳು. ಅವಳು ನನ್ನ ಕ್ಷಮೆ ಕೇಳಬೇಡವೇ?”

ಗುರು ಹೇಳಿದರು:

“ಒಂದು ಊರಿನಲ್ಲಿ ಇಂಥದೇ ಸಂಘವಿತ್ತು. ಹಣ ಇಟ್ಟವರೇ ಅದರ ಒಡೆಯರು. ವಾರ್ಷಿಕ ಸಭೆಯಲ್ಲಿ ಗುಮಾಸ್ತ ಒಬ್ಬೊಬ್ಬರ ಹೆಸರು ಕೂಗುವನು. ಅವರು ‘ಇದ್ದೇನೆ’ ಎನ್ನುವರು. ಆಮೇಲೆಯೇ ಸಭೆ.

“ಒಂದು ವರ್ಷ ಹಿರಿಯರು, ‘ಸಂಘದ ಮೇಲೊಂದು ಕಂಪನಿ ಇರಲಿ. ನಿಮ್ಮ ಪರವಾಗಿ ಅದೇ ಮತ ಹಾಕುತ್ತದೆ. ಪಾಸ್‌ಬುಕ್ ಅದೇ, ಹಣ ಕಟ್ಟುವ ಕಿಟಕಿ ಅದೇ’ ಎಂದರು. ಎಲ್ಲರೂ ಸಹಿ ಹಾಕಿದರು. ಸಭಾಂಗಣದ ಮೇಲೆ ಕಂಪನಿಗೆ ಒಂದು ಕೋಣೆ ಕಟ್ಟಿದರು. ಅದಕ್ಕೆ ಮೆಟ್ಟಿಲು ಇಡಲಿಲ್ಲ.

“ಮರುವರ್ಷ ಗುಮಾಸ್ತ ಒಬ್ಬ ಬಳೆಗಾರ್ತಿಯ ಹೆಸರು ಕೂಗಿದ. ಅವಳು ಬಾಯಿ ತೆರೆಯುವ ಮೊದಲೇ ಮೇಲಿನಿಂದ ‘ಇದ್ದೇನೆ’ ಎಂದು ಕೇಳಿಸಿತು. ಅದು ಅವಳದೇ ದನಿ. ಪ್ರತಿ ಹೆಸರಿಗೂ ಹಾಗೆಯೇ ಆಯಿತು. ಹಿಂದಿನ ವರ್ಷ ತೀರಿಹೋದ ಕುಂಬಾರನ ಹೆಸರನ್ನು ಗುಮಾಸ್ತ ಮರೆತು ಕೂಗಿದ. ಮೇಲಿನಿಂದ ಅವನೂ ‘ಇದ್ದೇನೆ’ ಎಂದ.

“ಗುಮಾಸ್ತ, ‘ಸಂಘವನ್ನು ಪರವೂರಿನವರಿಗೆ ಮಾರಬಹುದೇ?’ ಎಂದು ಓದಿದ.

“ಎಲ್ಲರ ದನಿಯೂ ಮೇಲಿನಿಂದ ಒಟ್ಟಿಗೆ ‘ಒಪ್ಪಿಗೆ’ ಎಂದಿತು.

“ಬಳೆಗಾರ್ತಿ ಎದ್ದು ನಿಂತಳು. ‘ನಾನು ಒಪ್ಪಿಲ್ಲ ಕಣಪ್ಪಾ! ಇಲ್ಲೇ ನಿಂತಿದ್ದೇನಲ್ಲ, ಕಣ್ಣು ಕಾಣೋದಿಲ್ವೇ?’

“ಗುಮಾಸ್ತ ತಲೆಯೆತ್ತಲಿಲ್ಲ. ಪುಸ್ತಕ ಮುಚ್ಚಿದ. ದೀಪ ಆರಿಸಿದ. ಕೂತಿದ್ದವರ ನಡುವೆಯೇ ನಡೆದು ಹೊರಗೆ ಹೋದ. ‘ಈ ಸಲ ಯಾರೂ ಬರಲಿಲ್ಲ’ ಎಂದು ಕಾವಲುಗಾರನಿಗೆ ಹೇಳಿ, ಬಾಗಿಲಿಗೆ ಬೀಗ ಹಾಕಿದ.”

ಶಿಷ್ಯೆ ಕೇಳಿದಳು: “ಅವರ ಹಣವೇನೂ ಹೋಗಲಿಲ್ಲವಲ್ಲ?”

“ಒಂದು ಕಾಸೂ ಹೋಗಲಿಲ್ಲ,” ಎಂದರು ಗುರು. “ಆ ಸೊಪ್ಪಿನವಳ ಹೆಸರೇನು?”

ಶಿಷ್ಯೆಗೆ ಗೊತ್ತಿರಲಿಲ್ಲ.

“ತಿಳಿದುಕೊಂಡು, ಹೆಸರು ಹಿಡಿದು ಕರೆದು, ಅವಳ ಕ್ಷಮೆ ಕೇಳು.”