ಗೋಡೆಗೆ ಒರಗಿದ ಗೈಡು

ನಮ್ಮೂರ ಕೋಟೆಗೆ ಗೈಡು ಅಂದ್ರೆ ದಸ್ತಗೀರ. ಅವನ ಕಥೆ ಕೇಳಿ ತುಕ್ಕು ಹಿಡಿದ ತೋಪೂ ಒಮ್ಮೆ ಗುಡುಗಿತ್ತು, ಬೇಕಾದರೆ ನನ್ನನ್ನೇ ಕೇಳಿ. ಅಂಥವನನ್ನು ಇಪ್ಪತ್ತು ಪ್ರವಾಸಿಗರ ಮುಂದೆ ದಾರಿಯುದ್ದಕ್ಕೂ ಗದರಿಸುತ್ತ ಬಂದರು ಕೋಟೆ ನೋಡಿಕೊಳ್ಳುವ ಇಲಾಖೆಯ ದೊಡ್ಡ ಸಾಹೇಬರು, ಕಡ್ಲಿಮಟ್ಟಿಯವರು.

"ಗೋಡೆ ತುಂಬ ಹೆಸರು ಕೆತ್ಯಾರ! ಒಬ್ಬನದಾದ್ರೂ ಎಲ್ಲರೆದುರು ಮರ್ಯಾದಿ ತೆಗೀಬೇಕು. ಇವತ್ತು ಒಂದು ಹೆಸರು ಹೇಳು, ಇಲ್ಲಾಂದ್ರ ಗೈಡ್ ಬಿಲ್ಲೆ ಇಟ್ಟು ಮನೀಗೆ ನಡಿ."

ಬುರುಜಿನ ತಿರುವಿನಲ್ಲಿ ದಸ್ತಗೀರ ಥಟ್ಟನೆ ಗೋಡೆಗೆ ಬೆನ್ನು ಕೊಟ್ಟು ನಿಂತ. ಸಾಹೇಬರ ಕಿವಿಯಲ್ಲಿ ಮೆಲ್ಲಗೆ ಅಂದ: "ಒಂದು ಹೆಸರು ನನ್ನ ಬೆನ್ನ ಹಿಂದ ಐತ್ರಿ. ಮೊದಲು ನೀವು ನೋಡ್ರಿ." ತುಸು ವಾಲಿದ.

'ಜಿ. ಬಿ. ಕಡ್ಲಿಮಟ್ಟಿ, ಹತ್ತನೇ ಬಿ, ಕ್ಲಾಸ್ ಲೀಡರ್.'

ಶಾಲೆಯ ಪ್ರವಾಸ, ಕಂಪಾಸಿನ ಮೊನೆ, ಗೆಳೆಯರ ಚಪ್ಪಾಳೆ ಎಲ್ಲ ಒಮ್ಮೆಲೇ ನೆನಪಾಯಿತು. ಸಾಹೇಬರ ಕಿವಿ ಕೆಂಪಾದವು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಏನ್ರೀ ಅದು?" ಹಿಂದಿನವರು ಇಣುಕಿದರು.

"ನಾ ಪೂರಾ ಬಾಜೂಕ ನಿಲ್ಲಲೇನ್ರೀ ಸಾಹೇಬ್ರ?" ಅಂದ ದಸ್ತಗೀರ.

"ಬ್ಯಾಡೋ ಮಾರಾಯಾ!" ಸಾಹೇಬರು ಅವನನ್ನು ಗೋಡೆಗೇ ಒತ್ತಿ ಹಿಡಿದರು. ಜನರ ಕಡೆ ತಿರುಗಿ, ತಲೆ ತಗ್ಗಿಸಿಯೇ ಹೇಳಿದರು: "ಗೈಡ್ ಸಾಹೇಬ್ರಿಗೆ ಭಾಳ ದಣಿವಾಗೈತಿ. ಅವರು ಇಲ್ಲೇ ಒರಗಿರಲಿ. ಉಳಿದ ಕೋಟೆ ನಾನೇ ತೋರಸ್ತೀನಿ, ಬರ್ರಿ."