ಹಿಟ್ಟಿನ ಮಿಲ್ಲಿನ ದಾಸಶೆಟ್ಟಿಯ ಫ್ಲ್ಯಾಶು

ಬಾಳ ಹಿಂದಿನ ಮಾತು ಕಣ್ರಪ್ಪ. ಎಷ್ಟು ಹಿಂದೆ ಅಂತ ಕೇಳಬೇಡಿ, ನಮ್ಮಪ್ಪನ್ನ ಕೇಳಿದ್ರೆ ಅವನೂ ಸುಮ್ಮನೆ ಕೈ ಬೀಸ್ತಿದ್ದ. ಒಂದೂರಲ್ಲಿ ದಾಸಶೆಟ್ಟಿ ಅಂತ ಒಬ್ಬ ಇದ್ದ. ಹಿಟ್ಟಿನ ಮಿಲ್ಲು ನಡೆಸೋನು. ಮೈಯೆಲ್ಲ ಹಿಟ್ಟು, ತಲೆಯೆಲ್ಲ ಫೋಟೋ ಹುಚ್ಚು. ಪ್ಯಾಟೆಯಿಂದ ಅಗ್ಗದ್ದೊಂದು ಫ್ಲ್ಯಾಶ್ ತಂದು ಕ್ಯಾಮೆರಾ ನೆತ್ತಿಗೆ ಸಿಕ್ಕಿಸಿಕೊಂಡ. ಅದು ಮೊದಲು ಕುಂಯ್ ಅಂತ ಕೊರಗೋದಂತೆ, ಆಮೇಲೆ ಫಳಾರ್ ಅನ್ನೋದಂತೆ. ಫಳಾರ್ ಅಂದ್ರೆ ಪಕ್ಕದೂರಿನ ಹುಂಜಗಳೂ ಬೆಳಗಾಯ್ತು ಅಂತ ಕೂಗ್ತಿದ್ವಂತೆ. ಅಂತಾರಪ್ಪ, ನಾ ಕಂಡಿಲ್ಲ.

ಫೋಟೋದಲ್ಲಿ ಮಾತ್ರ ಯಾರೂ ಕಣ್ಣು ಬಿಟ್ಟಿರ್ತಿರಲಿಲ್ಲ. ಕುಂಯ್ ಅಂದ್ರೆ ಸಾಕು, ಊರಿಗೂರೇ ಕಣ್ಣು ಮುಚ್ಚೋದು. ಊರ ಗೌಡ್ರು ಸಿದ್ದೇಗೌಡರದ್ದೂ ಹಂಗೇ ಬಂತು. ಆ ಫೋಟೋಕ್ಕೇ ಕಟ್ಟು ಹಾಕ್ಸಿ ಗೋಡೆಗೆ ತೂಗಾಕಿದ್ರು. ಬಂದ ನೆಂಟ್ರು ನೋಡಿ ಗೊಳೋ ಅಂತ ಅತ್ತರಂತೆ. ಗೌಡ್ರೇ ಒಳಗಿಂದ ಮಜ್ಜಿಗೆ ತಂದುಕೊಟ್ಟು ಸಮಾಧಾನ ಮಾಡಿದ್ರಂತೆ!

ಗೌಡ್ರು ನಿಜವಾಗ್ಲೂ ಹೋದ ಮೇಲೆ ಅವರ ಹೆಂಡ್ತಿ ಹೊನ್ನಮ್ಮಜ್ಜಿಗೆ ಅದೇ ಕೊರಗು. ದಾಸನ್ನ ಕರೆಸಿ ಹೇಳಿದ್ಲಂತೆ: "ಲೋ ದಾಸ, ಅವರಂತೂ ಗೋಡೆ ಮೇಲೆ ನಿದ್ದೆ ಹೊಡೀತಾವ್ರೆ. ನಾನಾದ್ರೂ ಸತ್ತ ಮೇಲೆ ಮೊಮ್ಮಕ್ಕಳ್ನ ನೋಡ್ತಾ ಇರಬೇಕು ಕಣೋ. ಕಣ್ಣು ಬಿಟ್ಟಿರೋದು ಒಂದು ತೆಗೆದುಕೊಡು."

ತೆಗೆದ. ಕಣ್ಣು ಮುಚ್ಚಿದ್ಲು. ಇನ್ನೊಂದು ತೆಗೆದ. ಮತ್ತೂ ಮುಚ್ಚಿದ್ಲು. ಅಷ್ಟರಲ್ಲಿ ಅಜ್ಜಿ ಹಾಸಿಗೆ ಹಿಡಿದ್ಲು. ದಾಸನಿಗೆ ಅನ್ನ ಸೇರಲಿಲ್ಲ.

ಒಂದಿನ ಮಿಲ್ಲಲ್ಲಿ ಫ್ಲ್ಯಾಶಿನ ಕತ್ತು ಮೇಲಕ್ಕೆ ತಿರುಗಿದ್ದಾಗಲೇ ಕೈತಪ್ಪಿ ಗುಂಡಿ ಒತ್ತಿ ಒಂದು ಫೋಟೋ ತೆಗೆದುಬಿಟ್ಟ. ತೊಳೆಸಿ ನೋಡ್ತಾನೆ, ಹಿಟ್ಟು ಬೀಸಿಸೋಕೆ ಬಂದಿದ್ದೋರೆಲ್ಲ ಕಣ್ಣು ಬಿಟ್ಟವ್ರೆ! ಬೆಳಕು ಮುಖಕ್ಕೆ ರಪ್ಪಂತ ಬಡೀದೆ, ಹಿಟ್ಟು ಕೂತ ಬೆಳ್ಳನೆ ಸೂರಿಗೆ ತಾಕಿ ಮೆತ್ತಗೆ ಇಳಿದಿತ್ತು. ಓಡಿದ ಗೌಡ್ರ ಮನೆಗೆ.

ಅಲ್ಲಿ ನೋಡಿದ್ರೆ ಸೂರೆಲ್ಲ ಮಸಿ ಹಿಡಿದು ಕರ್ರಗೆ. "ಬೇಗ ಒಂದು ಬಿಳೀ ಬಟ್ಟೆ ತನ್ನಿ" ಅಂದ.

ಅಜ್ಜಿ ಕಿಟಾರಂತ ಕಿರುಚಿದ್ಲಂತೆ: "ಅಯ್ಯೋ ನಿಮ್ಮನೆ ಹಾಳಾಗ, ಈಗ್ಲೇ ಹೊದಿಸ್ತೀರೇನ್ರೋ!"

ಇನ್ಯಾರು ತಂದಾರು? ಸೊಸೆಯಂದಿರು ಅಲ್ಲಾಡಲಿಲ್ಲ. ದಾಸಶೆಟ್ಟಿ ಆಕಡೆ ನೋಡಿದ, ಈಕಡೆ ನೋಡಿದ, ತಾನುಟ್ಟಿದ್ದ ಬಿಳೀ ಪಂಚೇನೇ ಬಿಚ್ಚಿದ. ಅಜ್ಜಿಯ ಗಂಡುಮಕ್ಕಳ ಕೈಗೆ ತುದಿಗಳನ್ನ ಕೊಟ್ಟು, ಅಜ್ಜಿ ತಲೆ ಮೇಲೆ ಬಿಗಿಯಾಗಿ ಹಿಡೀರಿ ಅಂದ, ಫ್ಲ್ಯಾಶಿನ ಕತ್ತು ಅದರ ಕಡೆ ತಿರುಗಿಸಿದ. ಊರೆಲ್ಲ ಮರ್ಯಾದಸ್ಥ ಅಂತಿದ್ದ ಮನುಷ್ಯ, ಮಂಡಿ ತನಕ ಪಟಾಪಟಿ ಚಡ್ಡೀಲಿ ನಿಂತವ್ನೆ! ಕುಂಯ್ ಅಂತು. ಅಜ್ಜಿಗೆ ಅದು ಎಲ್ಲಿ ಕೇಳಬೇಕು? ಕಣ್ಣರಳಿಸಿ ಚಡ್ಡಿ ನೋಡಿ, ಬಚ್ಚಬಾಯಿ ಬಿಟ್ಟು ನಕ್ಕುಬಿಟ್ಲು. ಫಳಾರ್!

ಆಮೇಲೆ ಅಜ್ಜಿ ಹೋದಾಗ ಅಳ್ತಾ ಬಂದೋರೆಲ್ಲ ಆ ಫೋಟೋ ನೋಡಿ, ಪಂಚೆ ನೆನಪಾಗಿ, ಸೆರಗು ಬಾಯಿಗಿಟ್ಕೊಂಡು ನಕ್ಕರಂತೆ. ಅಳು ಯಾವುದು ನಗು ಯಾವುದು ಗೊತ್ತಾಗಲಿಲ್ಲವಂತೆ.

ಈಗ ದಾಸಶೆಟ್ಟೀನೂ ಇಲ್ಲ, ಆ ಫ್ಲ್ಯಾಶೂ ಇಲ್ಲ. ಆದ್ರೆ ಇವತ್ತಿಗೂ ಆ ಊರಲ್ಲಿ ಮೊಬೈಲಲ್ಲಿ ಫೋಟೋ ತೆಗೆದ್ರೂ ಹಿಂದಿಂದ ಯಾರಾದ್ರೊಬ್ರು "ದಾಸಶೆಟ್ಟಿ ಬಂದ, ಪಂಚೆ ಹಿಡ್ಕಳಿ!" ಅಂತ ಕೂಗಲೇಬೇಕು. ಆ ಊರಿನ ಗೋಡೆಗಳ ಮೇಲೆ ಸತ್ತೋರೆಲ್ಲ ಕಣ್ಣು ಬಿಟ್ಕೊಂಡು ನಗ್ತಾವ್ರೆ. ಬೇಕಾದ್ರೆ ಹೋಗಿ ನೋಡಿ.