ಬಚ್ಚಲ ಹಿಂದಿನ ಮಾವಿನಶುಂಠಿ

“ಗುರುಗಳೇ, ಒಬ್ಬರು ತಿಳಿಯದೆ ತಪ್ಪು ಮಾಡುತ್ತಿದ್ದಾರೆ. ಅದು ತಪ್ಪೆಂದು ನಮಗೆ ಗೊತ್ತು. ಗೊತ್ತಿದ್ದೂ ಹೇಳದೆ ಸುಮ್ಮನಿದ್ದರೆ ಮೋಸವಲ್ಲವೆ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳತೊಡಗಿದರು.

ಒಬ್ಬ ಗಾಣಿಗನಿದ್ದ. ಅವನ ಹೆಂಡತಿ ಬಚ್ಚಲ ಹಿಂದಿನ ನೆಲದಲ್ಲಿ ಮಾವಿನಶುಂಠಿ ಬೆಳೆಸಿದ್ದಳು. ಗೆಡ್ಡೆ ನೋಡಲು ಶುಂಠಿ, ಮುರಿದರೆ ಮಾವಿನಕಾಯಿಯ ವಾಸನೆ. ಮಗಳು ಮುದ್ದವ್ವನಿಗೆ ಅದರ ಉಪ್ಪಿನಕಾಯಿ ಇಲ್ಲದೆ ಊಟ ಸೇರುತ್ತಿರಲಿಲ್ಲ. ಒಂದು ಮಳೆಗಾಲದಲ್ಲಿ ತಾಯಿ ಜ್ವರ ಬಂದು ತೀರಿಕೊಂಡಳು. ಚಳಿಗಾಲದ ಹೊತ್ತಿಗೆ ಗಿಡದ ಎಲೆಗಳೂ ಹಳದಿಯಾಗಿ, ಒಣಗಿ, ನೆಲಕ್ಕೆ ಬಿದ್ದವು.

ಅದೇ ಚಳಿಗಾಲದಲ್ಲಿ ಗಾಣಿಗ ಚೆನ್ನಾಜಿ ಎಂಬವಳನ್ನು ಮದುವೆಯಾಗಿ ಕರೆತಂದ. ಮುದ್ದವ್ವ ಅವಳು ಬಡಿಸಿದ್ದನ್ನು ಉಣ್ಣುತ್ತಿದ್ದಳು, ಹೇಳಿದ ಕೆಲಸ ಮಾಡುತ್ತಿದ್ದಳು. ಆದರೆ ಅವಳನ್ನು ಏನೆಂದೂ ಕರೆಯುತ್ತಿರಲಿಲ್ಲ. ಸಂಜೆಯಾದರೆ ಒಂದು ಕೊಡ ನೀರು ಹೊತ್ತು, ಬಚ್ಚಲ ಹಿಂದಿನ ಬರಿ ನೆಲಕ್ಕೆ ಹೊಯ್ದು ಬರುತ್ತಿದ್ದಳು.

ಇದೇನೆಂದು ಚೆನ್ನಾಜಿ ಗಂಡನನ್ನು ಕೇಳಿದಳು. ಅಲ್ಲಿ ಮುದ್ದವ್ವನ ತಾಯಿ ನೆಟ್ಟ ಗಿಡವಿತ್ತು, ಒಣಗಿಹೋಯಿತು, ನೀರು ಹಾಕಿದರೆ ಮತ್ತೆ ಚಿಗುರುತ್ತದೆಂದು ಮಗು ನಂಬಿದೆ ಎಂದು ಅವನು ಹೇಳಿದ.

ಚೆನ್ನಾಜಿಯ ತವರಿನಲ್ಲಿ ಅರಿಶಿನ ಬೆಳೆಯುತ್ತಿದ್ದರು. ಎಲೆ ಒಣಗಿದರೂ ಇಂಥ ಗೆಡ್ಡೆ ಸಾಯುವುದಿಲ್ಲ, ಮಳೆ ಬರುವವರೆಗೆ ಮಣ್ಣಿನೊಳಗೆ ಮಲಗಿರುತ್ತದೆ, ಮಲಗಿದ ಗೆಡ್ಡೆಗೆ ನೀರು ಹೆಚ್ಚಾದರೆ ಕೊಳೆಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ನೀರು ಹಾಕಬೇಡ ಎಂದು ಹೇಳಲು ಒಂದು ಸಂಜೆ ಬಚ್ಚಲವರೆಗೆ ಹೋದಳು. ಮಗು ಕೊಡ ಇಳಿಸಿ, ಕುಕ್ಕರಗಾಲಲ್ಲಿ ಕೂತು, ನೆಲಕ್ಕೆ ಏನೋ ಮೆಲ್ಲಗೆ ಹೇಳುತ್ತಿತ್ತು. ಚೆನ್ನಾಜಿ ಹಿಂದಿರುಗಿದಳು.

ಮರುದಿನ ಮುದ್ದವ್ವ ಅಪ್ಪನ ಜೊತೆ ಎತ್ತು ಮೇಯಿಸಲು ಹೋಗಿದ್ದಾಗ ಚೆನ್ನಾಜಿ ಆ ನೆಲವನ್ನು ಅಗೆದಳು. ಅರ್ಧದಷ್ಟು ಗೆಡ್ಡೆ ಆಗಲೇ ಮೆತ್ತಗಾಗಿತ್ತು. ಗಟ್ಟಿ ಇದ್ದವನ್ನು ಆರಿಸಿ, ನೆರಳಲ್ಲಿ ಆರಲು ಬಿಟ್ಟು, ಒಣಮರಳು ತುಂಬಿದ ಮಡಕೆಯಲ್ಲಿ ಹೂತು ಅಟ್ಟದ ಮೇಲಿಟ್ಟಳು. ನೆಲವನ್ನು ಮೊದಲಿನಂತೆ ಸಮ ಮಾಡಿದಳು. ಮಗು ಸಂಜೆ ನೀರು ಹಾಕಿತು. ಬೇಸಗೆಯುದ್ದಕ್ಕೂ ಹಾಕಿತು. ಬಾವಿಯ ತಳ ಕಂಡಾಗ ಚೆನ್ನಾಜಿ ತಾನು ಮೀಯುವ ನೀರಿನಲ್ಲಿ ಒಂದು ಕೊಡ ಉಳಿಸಿ ಮಗುವಿನ ಕೈಗೆ ಸಿಗುವಂತೆ ಇಡುತ್ತಿದ್ದಳು.

ಮುಂಗಾರಿಗೆ ಮುಂಚೆ ಬುಟ್ಟಿ ಇಳಿಸಲೆಂದು ಅಟ್ಟ ಹತ್ತಿದ ಮುದ್ದವ್ವ ಆ ಮಡಕೆ ಕಂಡಳು. ಮರಳು ಕೆದಕಿದಳು. ಗೆಡ್ಡೆಯೊಂದನ್ನು ತೆಗೆದು ಮೂಸಿದಳು. ಅದನ್ನು ಹಿಡಿದೇ ಕೆಳಗಿಳಿದು ಚೆನ್ನಾಜಿಯ ಮುಂದೆ ನಿಂತಳು.

“ಇದು ನಮ್ಮವ್ವಂದು. ನೀನು ಯಾಕೆ ಕಿತ್ತೆ?”

ಮಡಕೆ ಇಟ್ಟ ದಿನದಿಂದಲೂ ಚೆನ್ನಾಜಿ ಈ ಮಾತಿಗೆ ಹೆದರಿಕೊಂಡೇ ಇದ್ದಳು.

“ಅಲ್ಲೇ ಬಿಟ್ಟಿದ್ದರೆ ನೀರಿಗೆ ಕೊಳೆತುಹೋಗುತ್ತಿತ್ತು ಮಗ. ನೀರು ಹಾಕಬೇಡ ಅನ್ನೋಕೆ ನನಗೆ ಬಾಯಿ ಬರಲಿಲ್ಲ.”

ಮುದ್ದವ್ವ ಬಹಳ ಹೊತ್ತು ಅತ್ತಳು. ಹಾಗಾದರೆ ಅವ್ವನ ಗಿಡವನ್ನು ತಾನೇ ಕೊಲ್ಲುತ್ತಿದ್ದೆನೆ ಎಂದು ಕೇಳಿದಳು. ಚೆನ್ನಾಜಿ ಅವಳ ಕೈಯಲ್ಲಿದ್ದ ಗೆಡ್ಡೆಯನ್ನು ತಿರುಗಿಸಿ, ಅದರ ಮೈಮೇಲೆ ಆಗಲೇ ಎದ್ದಿದ್ದ ಬಿಳಿ ಮೊಳಕೆಯನ್ನು ತೋರಿಸಿದಳು. ಮೊದಲ ಮಳೆ ಬಿದ್ದ ಮೇಲೆ ಇಬ್ಬರೂ ಕೂತು, ತುಂಡಿಗೊಂದಾದರೂ ಮೊಳಕೆ ಇರುವಂತೆ ಮುರಿದು, ಬೂದಿ ಸವರಿ ನೆಟ್ಟರು. ಆಷಾಢ ಮುಗಿಯುವಷ್ಟರಲ್ಲಿ ಬಚ್ಚಲ ಹಿಂದೆ ಎಲೆಗಳು ಮಗುವಿನ ಮೊಣಕಾಲೆತ್ತರ ಬಂದಿದ್ದವು.

ಗುರುಗಳು ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

“ಆದರೂ ಅಷ್ಟು ಕಾಲ ಆಕೆ ಮಗುವಿಗೆ ಹೇಳದೆ ಮುಚ್ಚಿಟ್ಟಳಲ್ಲ. ಅದನ್ನು ಮಗು ಕ್ಷಮಿಸಿತೆ?”

ಗುರುಗಳು ಹೇಳಿದರು: “ನನಗೆ ಇದನ್ನು ಹೇಳಿದವಳು ಮುದ್ದವ್ವನೇ, ಇಬ್ಬರನ್ನೂ ಅವ್ವ ಎಂದೇ ಹೇಳುತ್ತಿದ್ದಳು, ಯಾವ ಅವ್ವ ಎಂದು ನಾನು ನಡುನಡುವೆ ಕೇಳಬೇಕಾಯಿತು.”